ಎರಡು ಮುರುಕು ಬ್ರೇಕಿನಿಂದ ಒಂದು

ಕಾಗಬೇನಿ,
ಅಸೋಜ್ ೧೮

ಪ್ರೀತಿಯ ಆಮಾ,

ಕಣ್ಣಿನ ಆಪರೇಷನ್ನಿನ ಪಟ್ಟಿ ಬಿಚ್ಚಿದರೇ? ಆ ಬೌದ್ಧಾ ಊರಿನ ಧೂಳಿನಲ್ಲಿ ಸ್ತೂಪ ಸುತ್ತಲು ಹೋಗಿ ಕಣ್ಣು ಉಜ್ಜಿಕೊಳ್ಳಬೇಡಿ. ಈ ಪತ್ರ ಓದಿ ಹೇಳುವ ನಾದಿನಿ ಯಾಂಗ್ಜಿನ್ ಒಂದು ಸಾಲನ್ನೂ ಹಾರಿಸಬಾರದು, ನಿಮಗೆ ಸಿಟ್ಟು ಬರುವ ಸಾಲನ್ನೂ. ಇಲ್ಲಿ ನಾವು ಚೆನ್ನಾಗಿದ್ದೇವೆ. ಸೇಬು ಹೆಚ್ಚಿ ಮಾಳಿಗೆಯ ಮೇಲೆ ಒಣಹಾಕಿದ್ದೇನೆ.

ನಿಮ್ಮ ಮಗ ಪ್ರವಾಸಿಗರಿಗೆ ದಾರಿ ತೋರಿಸಲು ಮತ್ತೆ ಸೈಕಲ್ ಹತ್ತಿದ್ದಾರೆ. ಹತ್ತಿಸಿದವಳು ನಾನು. ತೊರೊಂಗ್ ಘಾಟಿಯ ಹಿಮದಲ್ಲಿ ಪ್ರವಾಸಿಯೊಬ್ಬನನ್ನು ಹೊತ್ತು ತಂದು, ಚಳಿಗೆ ಮರಗಟ್ಟಿದ ಬಲಗೈಯ ತೋರುಬೆರಳು, ನಡುಬೆರಳು ಕಳೆದುಕೊಂಡಾಗ ನೀವು ಹೇಳಿದ್ದಿರಿ: "ಬದುಕಿ ಬಂದನಲ್ಲ, ಸಾಕು. ಇನ್ನು ಅಂಗಡೀಲಿ ಕೂತು ಚಹಾ ಕಾಯಿಸ್ಲಿ." ಎರಡು ವರ್ಷ ಕಾಯಿಸಿದರು. ಪ್ರವಾಸಿಗರು ಲೂಬ್ರಾ ಇಳಿಜಾರಿನ ಸೈಕಲ್ ದಾರಿಯ ಮಾತೆತ್ತಿದರೆ ಚಹಾ ಉಕ್ಕಿ ಒಲೆ ಆರಿದರೂ ಅವರಿಗೆ ತಿಳಿಯುತ್ತಿರಲಿಲ್ಲ. ಅದನ್ನು ದಿನವೂ ನೋಡಿದವಳು ನಾನು ಆಮಾ.

ಮುಂದಿನ ಚಕ್ರದ ಬ್ರೇಕು ಬಲಗೈಯಲ್ಲೇ ಇರುವುದು. ಉಂಗುರಬೆರಳಿನ ಬಲಕ್ಕೆ ಅದು ಬಗ್ಗುತ್ತಿರಲಿಲ್ಲ. ಪೋಖರಾದಿಂದ ತರಿಸಿದ ಹೊಸ ಸೆಟ್ಟುಗಳೂ ಆಗಲಿಲ್ಲ: ಬೆರಳಲ್ಲಿ ಎಳೆಯುವ ಲಿವರ್ ಹಗುರವಿದ್ದರೆ ಹಿಡಿತ ಸಾಲದು, ಹಿಡಿತವಿದ್ದರೆ ಲಿವರ್ ಕಲ್ಲು. ಕೊನೆಗೆ ನಾನು ಹಳೆ ಮುರುಕು ಬ್ರೇಕುಗಳ ಗುಜರಿ ಪೆಟ್ಟಿಗೆ ಸುರಿದೆ. ಒಂದು ಕಂಪನಿಯ ಮೃದುವಾದ ಲಿವರ್, ಇನ್ನೊಂದು ಕಂಪನಿಯ, ಚಕ್ರದ ಡಿಸ್ಕನ್ನು ನಾಯಿಯಂತೆ ಕಚ್ಚಿ ಹಿಡಿಯುವ ಕ್ಯಾಲಿಪರ್. ಎರಡನ್ನೂ ಒಂದೇ ಎಣ್ಣೆ ಕೊಳವೆಗೆ ಸೇರಿಸಿದೆ. ಮೊದಲ ಸಲ ಸಂದಿಯಲ್ಲಿ ಎಣ್ಣೆ ಒಸರಿತು. ಎರಡನೇ ಸಲ ಲಿವರ್ ಮೆತ್ತಗೆ ಹ್ಯಾಂಡಲ್ಲಿಗೇ ಬಂದು ತಾಗಿತು. ಒಳಗಿನ ಗಾಳಿಯನ್ನೆಲ್ಲ ಹನಿಹನಿಯಾಗಿ ತೆಗೆದ ಮೇಲೆ ಗಟ್ಟಿಯಾಗಿ ನಿಂತಿತು.

ಅದನ್ನು ಕಂಡು ಸೈಕಲ್ ಟೂರ್ ನಡೆಸುವ ಶೇರ್ಚನ್ ದಾಜು ನಕ್ಕರು. "ಸಿಕ್ಕಿದ್ದೆಲ್ಲ ಹಾಕಿ ಕುದಿಸೋಕೆ ಇದೇನು ಥುಕ್ಪಾನಾ ಬೈನಿ?"

"ಥುಕ್ಪಾಗೂ ಒಂದು ಹದ ಇದೆ ದಾಜು. ಎರಡೂ ಒಂದೇ ಎಣ್ಣೆ ಕುಡಿಯೋವಾಗಿರ್ಬೇಕು. ಬೇರೆ ಎಣ್ಣೆ ಬಿದ್ರೆ ಒಳಗಿನ ರಬ್ಬರ್ ಊದಿ ಕೆಡುತ್ತೆ. ಇವೆರಡೂ ಮಿನರಲ್ ಆಯಿಲ್‌ನವು, ನೋಡೇ ಜೋಡಿಸಿದ್ದೀನಿ."

ಗಂಡನ ಪ್ರಾಣದ ಜೊತೆ ಆಡುತ್ತಿದ್ದೇನೆ ಎಂದು ಊರೆಲ್ಲ ಆಡಿಕೊಂಡಿತು. ನಾನು ನನ್ನ ಬಲಗೈಯ ಆ ಎರಡು ಬೆರಳನ್ನು ಬಟ್ಟೆಯಲ್ಲಿ ಬಿಗಿದು ಕಟ್ಟಿಕೊಂಡು ಮೂರು ದಿನ ಲೂಬ್ರಾ ಇಳಿದೆ. ಮೊಣಕಾಲು ಒಮ್ಮೆ ತರಚಿತು, ಅದು ನನ್ನದೇ ತಪ್ಪು, ಬ್ರೇಕಿನದಲ್ಲ. ನಾಲ್ಕನೇ ದಿನ ಸೈಕಲ್ಲನ್ನು ನಿಮ್ಮ ಮಗನ ಕೈಗೆ ಕೊಟ್ಟೆ.

ಶೇರ್ಚನ್ ದಾಜು ಹೊಳೆಯ ಹತ್ತಿರದ ಕಡಿದಾದ ತಿರುವಿನಲ್ಲಿ ಪರೀಕ್ಷೆಗೆ ನಿಂತಿದ್ದರು. ನಾನೂ ಅಲ್ಲೇ ಇದ್ದೆ. ನಿಮ್ಮ ಮಗ ಧೂಳೆಬ್ಬಿಸಿ ಇಳಿದು ಬರುತ್ತಿದ್ದಾಗಲೇ ಕೆಳಗಿನಿಂದ ಹೇಸರಗತ್ತೆಗಳ ಸಾಲು ತಿರುವಿಗೆ ಬಂತು. ನಾನು ಕಣ್ಣು ಮುಚ್ಚಲಿಲ್ಲ. ಅವರ ಉಂಗುರಬೆರಳು ಒಮ್ಮೆ ಮಡಚಿಕೊಂಡಿತು, ಅಷ್ಟೇ. ಮುಂದಿನ ಹೇಸರಗತ್ತೆಯ ಮೂತಿಗೆ ಒಂದು ಮೊಳ ದೂರದಲ್ಲಿ ಸೈಕಲ್ ನಿಂತಿತು. ಅದು ಅವರ ಮುಖ ಮೂಸಿತು. ನಿಮ್ಮ ಮಗ ನಕ್ಕರು ಆಮಾ. ಎರಡು ವರ್ಷದ ನಂತರ ಆ ನಗು ಕೇಳಿದೆ.

ದಾಜು ಲಿವರನ್ನು ತಾವೇ ನಾಲ್ಕು ಸಲ ಒತ್ತಿ ನೋಡಿ ನಿಮ್ಮ ಮಗನಿಗೆ, "ಶುಕ್ರವಾರ ಆರು ಜನ ಬರ್ತಾರೆ. ಮುಂದೆ ನೀನೇ ಹೋಗು" ಎಂದರು.

ನಿಮ್ಮ ಮಾತು ಮೀರಿದ್ದಕ್ಕೆ ಬೈಯಿರಿ, ಕೇಳಿಸಿಕೊಳ್ಳುತ್ತೇನೆ. ಬ್ರೇಕು ಮಾತ್ರ ಬಿಚ್ಚುವುದಿಲ್ಲ.

ನಿಮ್ಮ ಪಾದಕ್ಕೆ ಹಣೆ ತಾಗಿಸುವ ಹಟಮಾರಿ ಸೊಸೆ,
ಸಂಗ್ಮು

ಮತ್ತೆ: ಈ ಪತ್ರ ಒಯ್ಯುವ ಜೀಪು ಹಾರ್ನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ನಿಮ್ಮ ಮಗನಿಗೆ ಕೆಲಸ ಕೊಡಬೇಡಿ ಎಂದು ನೀವು ಬರೆಸಿದ ಕಾಗದವನ್ನು ಶೇರ್ಚನ್ ದಾಜು ನನ್ನ ಕೈಗಿಟ್ಟರು. ಒಲೆಗೆ ಹಾಕಿದೆ. ನಿಮ್ಮ ಮಗನಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಇನ್ನೊಮ್ಮೆ ಹಾಗೆ ಬರೆಸಬೇಕು ಅನ್ನಿಸಿದರೆ ನನಗೇ ಬರೆಸಿ. ನಿಮಗಿರುವ ಭಯ ನನಗೂ ಇದೆ. ಶುಕ್ರವಾರ ಅವರು ಇಳಿದು ಬರುವ ತನಕ ನಾನೂ ಊಟ ಮಾಡುವವಳಲ್ಲ.