ಚಿಬುಯೆಯ ತಾಯಿಯನ್ನು ಕೇಳಿದಿರಾ?

ಕಿಟ್ವೆ,
ಆಗಸ್ಟ್ ೧೭, ೨೦೧೪

ಪ್ರೀತಿಯ ಮಾಯೊ, ನನ್ನಮ್ಮ,

ಪಕ್ಕದ ಮನೆಯವರು ನಿನ್ನೂರು ಕಸಾಮಾದ ಬಸ್ಸು ಹಿಡಿಯುತ್ತಿದ್ದಾರೆ, ಅವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳಹೊರಟರೆ ನೀನು ಅಳುತ್ತೀಯ, ನಾನು ಮಾತು ಬದಲಿಸಿಬಿಡುತ್ತೇನೆ. ನೀನು ಕಳಿಸಿದ ಒಣ ಕಂಬಳಿಹುಳುಗಳನ್ನು ಟೊಮೇಟೊ, ಈರುಳ್ಳಿ ಹಾಕಿ ಹುರಿದೆ. ಮಾಡಿದ್ದ ನ್ಶಿಮಾ ಮುದ್ದೆ ಸಾಲಲಿಲ್ಲ. ಕಸೋಂದೆಗೆ ಹಲ್ಲು ಬಂದಿವೆ, ಸಿಕ್ಕಿದವರನ್ನೆಲ್ಲ ಕಚ್ಚುತ್ತಾನೆ.

ಬಾಣಂತನ ಮುಗಿಸಿ ಗಣಿಗೆ ಮರಳಿದಾಗ ನೆಲದ ಮೇಲಿನ ಕೆಲಸ ಕೊಟ್ಟಿದ್ದಾರೆ ಎಂದಿದ್ದೆನಲ್ಲ, ನೀನು ದೇವರಿಗೆ ವಂದನೆ ಹೇಳಿದೆ. ನಿಜ ಹೇಳಬೇಕೆಂದರೆ ನನಗೂ ಆಗ ಹಿತವಾಗಿತ್ತು. ಪಾಳಿಯ ಮೇಲ್ವಿಚಾರಕ ಬಾ ಕಪೆಂಬ್ವಾ ಅಪ್ಪನ ಜೊತೆ ದುಡಿದವರು, ನನ್ನನ್ನು ಮಗಳಂತೆ ಕಂಡವರು. "ಬನಾ ಕಸೋಂದೆ, ಸ್ವಲ್ಪ ದಿನ ದೀಪದ ಕೋಣೇಲಿ ಕೂತ್ಕೊಳಮ್ಮ. ಮಗು ಇನ್ನೂ ಚಿಕ್ಕದು" ಎಂದರು. ಅಲ್ಲಿಯವರೆಗೆ ಅವರಿಗೆ ನಾನು ಮ್ವೆಲ್ವಾ ಆಗಿದ್ದೆ. ಅಂದಿನಿಂದ ಕಸೋಂದೆಯ ತಾಯಿಯಾದೆ. ಮರ್ಯಾದೆಯೆಂದೇ ಭಾವಿಸಿದೆ.

ಬಂಡೆ ಸಿಡಿದ ಮೇಲೆ ಅದಿರು ಬಾಚುವ ದೊಡ್ಡ ಲೋಡರ್ ಓಡಿಸುತ್ತಿದ್ದವಳು ಕಿಟಕಿಯ ಹಿಂದೆ ಕುಳಿತು, ಕೆಳಗಿಳಿಯುವವರಿಗೆ ತಲೆದೀಪ ಕೊಡತೊಡಗಿದೆ. "ದೀಪದ ಜೊತೆ ಒಂದ್ ಲೋಟ ಚಹಾನೂ ಕೊಡಮ್ಮ" ಎನ್ನುವವರಿದ್ದರು. "ನೀ ಮೇಲ್ ಹೋದ್ಮೇಲೆ ತಾಮ್ರ ಚೆನ್ನಾಗ್ ಸಿಗ್ತಿದೆ ಕಣೆ, ಹೆಂಗಸ್ರು ಬಂದ್ರೆ ಅದಿರು ಅಡಗ್ಕೊಳ್ಳುತ್ತೆ" ಎಂದು ಹಲ್ಲು ಕಿರಿಯುವವರಿದ್ದರು. ನಾನೂ ನಗುತ್ತಿದ್ದೆ. ಮಳೆ ನಿಂತಿತು, ಚಳಿ ಬಂತು. ಆ "ಸ್ವಲ್ಪ ದಿನ" ಮಾತ್ರ ಮುಗಿಯಲಿಲ್ಲ.

ಆಮೇಲೆ ಚಿಬುಯೆ ಬಂದ. ಫುಟ್‌ಬಾಲ್ ಆಡಿ ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಮನೆಯಲ್ಲಿದ್ದವನು. ಕುಂಟುತ್ತಲೇ ನನ್ನ ಕಿಟಕಿಗೆ ಬಂದು ದೀಪ ಪಡೆದು, ಅವತ್ತೇ ಕೆಳಗಿಳಿದು ನನ್ನ ಲೋಡರ್ ಹತ್ತಿದ. ಅವನಿಗೂ ಎಳೆಯ ಮಗುವಿದೆ. ಮನೆಯಲ್ಲಿ ಅದನ್ನು ಯಾರು ನೋಡಿಕೊಳ್ಳುತ್ತಾರೆಂದು ಯಾರೂ ಕೇಳಲಿಲ್ಲ. ಅವತ್ತು ನನಗೆ ನಗು ಬರಲಿಲ್ಲ, ಮಾಯೊ. ಇಷ್ಟು ದಿನ ಅಕ್ಕರೆ ಅಂದುಕೊಂಡದ್ದನ್ನು ಏನೆಂದು ಕರೆಯಬೇಕೆಂದು ಮೊದಲ ಸಲ ತಿಳಿಯಿತು.

ಬಾ ಕಪೆಂಬ್ವಾರ ಬಳಿ ಹೋಗಿ ನನ್ನ ಯಂತ್ರ ಕೇಳಿದೆ. ಅದೂ ಇದೂ ಹೇಳಿ ನೋಡಿದರು. ನಾನು ಜಗ್ಗದಿದ್ದಾಗ, "ಬಾಣಂತನಕ್ಕೆ ಬಂದಿದ್ದಾಗ ನಿಮ್ಮಮ್ಮಾನೇ ನನ್ ಕೈ ಹಿಡ್ಕೊಂಡು, ಮಗಳನ್ನ ಕೆಳಗೆ ಕಳಿಸ್ಬೇಡಿ ಅಂತ ಅತ್ಲು. ಗಂಡನ್ನ ಈ ಗಣೀಲಿ ಕಳ್ಕೊಂಡೋಳಿಗೆ ಆಗಲ್ಲ ಅನ್ನೋದು ಹೆಂಗೆ?" ಎಂದುಬಿಟ್ಟರು.

ನಿನ್ನ ಮೇಲೆ ಸಿಟ್ಟು ಬಂತು. ಮುಚ್ಚಿಡುವುದಿಲ್ಲ. ಅಪ್ಪನನ್ನು ಮೇಲೆ ತಂದ ದಿನ ಗಣಿಯ ಬಾಗಿಲಲ್ಲಿ ನೀನು ಬರಿಗಾಲಲ್ಲಿ ನಿಂತಿದ್ದು ನೆನಪಾಯಿತು. ಆಗ ಸಿಟ್ಟು ಅಲ್ಲೇ ನಿಂತಿತು. ಹೋಗಲಿಲ್ಲ, ನಿಂತಿತು ಅಷ್ಟೆ.

ಕಾರ್ಮಿಕ ಸಂಘದ ನಕಾಜ್ವೆಯನ್ನು ಕರೆದುಕೊಂಡು ಮ್ಯಾನೇಜರ್ ಹತ್ತಿರ ಹೋದೆ. "ಇದು ಶಿಕ್ಷೆ ಅಲ್ಲಮ್ಮ, ಕಾಳಜಿ. ನಿನ್ ತಾಯೀನೇ ಕೇಳ್ಕೊಂಡಿದಾರಲ್ಲ" ಎಂದರು. ನಾನು, "ಸರಿ ಸಾರ್, ಚಿಬುಯೆ ತಾಯೀನ ಕೇಳಿದ್ರಾ?" ಎಂದೆ. ಮ್ಯಾನೇಜರ್ ಕರೆಸಿದ್ದ ಬಾ ಕಪೆಂಬ್ವಾ ತೊಡೆಯ ಮೇಲಿದ್ದ ಹೆಲ್ಮೆಟ್ಟನ್ನು ತಿರುಗಿಸುತ್ತಾ ಕುಳಿತರು. ನಕಾಜ್ವೆ ನಿಧಾನವಾಗಿ, "ಈ ಪ್ರಶ್ನೆಗೆ ಸಂಘಕ್ಕೆ ಬರವಣಿಗೇಲಿ ಉತ್ತರ ಬೇಕು ಸಾರ್" ಎಂದಳು.

ಉತ್ತರ ಬರಲಿಲ್ಲ. ನನ್ನನ್ನು ಲೋಡರಿಗೆ ಮರಳಿಸುವ ಆದೇಶ ಬಂತು. ಹೋದ ಸೋಮವಾರದಿಂದ ನಾನೂ ಚಿಬುಯೆಯೂ ಒಂದೇ ಪಾಳಿಯಲ್ಲಿ, ಬೇರೆ ಬೇರೆ ಯಂತ್ರಗಳಲ್ಲಿ ಕೆಲಸ ಮಾಡುತ್ತಿದ್ದೇವೆ. ಬಾ ಕಪೆಂಬ್ವಾ ನನ್ನನ್ನು ಈಗ ಮ್ವೆಲ್ವಾ ಎಂದೂ ಕರೆಯುವುದಿಲ್ಲ, ಬನಾ ಕಸೋಂದೆ ಎಂದೂ ಕರೆಯುವುದಿಲ್ಲ. ಎದುರು ಬಂದರೆ ಬೇರೆ ಕಡೆ ನೋಡುತ್ತಾರೆ. ಅದು ನೋಯುತ್ತದೆ. ಅವರು ಕೆಟ್ಟವರಾಗಿದ್ದರೆ ಇದೆಲ್ಲ ಎಷ್ಟೋ ಸುಲಭವಾಗುತ್ತಿತ್ತು.

ಇನ್ನು ಮುಂದೆ ನನ್ನ ಬಗ್ಗೆ ಅವರ ಬಳಿ ಹೋಗಬೇಡ. ಹೆದರಿಕೆಯಾದರೆ ನನಗೆ ಹೇಳು, ನಾನು ಕೇಳಿಸಿಕೊಳ್ಳುತ್ತೇನೆ. ಕೇಳಿಸಿಕೊಂಡು ಕೆಲಸಕ್ಕೆ ಹೋಗುತ್ತೇನೆ. ರಜೆ ಸಿಕ್ಕಾಗ ಕಸೋಂದೆಯನ್ನು ಎತ್ತಿಕೊಂಡು ಬರುತ್ತೇನೆ. ಅವನ ಹಲ್ಲಿಗೆ ನಿನ್ನ ಬೆರಳು ಜೋಪಾನ.

ನಿನ್ನ ಮಗಳು,
ಮ್ವೆಲ್ವಾ

ತಾ.ಕ.: ಕೆಳಗಿಳಿಯಲು ನನಗೇನೂ ಭಯವಿಲ್ಲ ಎಂದು ಮ್ಯಾನೇಜರ್ ಎದುರು ಹೇಳಿದ್ದೆ. ಅದು ಸುಳ್ಳು. ಸೋಮವಾರ ಲಿಫ್ಟು ಇಳಿಯುವಾಗ ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಕೆಳಗೆ ಮುಟ್ಟಿದ ಮೇಲೂ ಬೆರಳು ಬಿಡಲಿಲ್ಲ. ಪಕ್ಕದಲ್ಲಿದ್ದ ಚಿಬುಯೆ ನೋಡಿದ. "ನಂಗೂ ದಿನಾ ಹಿಂಗೇ ಆಗುತ್ತೆ, ಯಾರ್ಗೂ ಹೇಳ್ಬೇಡ" ಎಂದು ಪಿಸುಗುಟ್ಟಿದ. ಅಪ್ಪನೂ ನಿನಗೆ ಹೇಳಿರಲಿಕ್ಕಿಲ್ಲ. ನಾನು ಹೇಳುತ್ತಿದ್ದೇನೆ.