ಪೆಂಗೆಲಿ ಹಳ್ಳದಲ್ಲಿ ಇನ್ನೊಬ್ಬ ಪೆಂಗೆಲಿ

ಅಜ್ಜಿ,

ನೀನು ಊರಿಗೆಲ್ಲ ಜಂಬ ಕೊಚ್ಚುವ, ಮುತ್ತಜ್ಜನ ಹೆಸರಿನ ಪೆಂಗೆಲಿ ಹಳ್ಳವನ್ನು ಕಣ್ಣಾರೆ ಕಂಡೆ. ಬರೀ ಕೆಸರು; ನೀರಿಗೆ ಬಂದ ಕಾಂಗರೂ ಕೂಡ ಮುಖ ಸಿಂಡರಿಸಿಕೊಂಡು ಹೋಯಿತು. ದಾಟುವಾಗ ನನ್ನ ಕಾರು ನಡುವೆಯೇ ಹೂತುಕೊಂಡಿತು. ಟ್ರ್ಯಾಕ್ಟರ್ ತಂದು ಎಳೆದ ಮುದುಕ ಡುಗಾಲ್ಡ್ ನನ್ನ ಮನೆತನದ ಹೆಸರು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಇನ್ನೊಬ್ಬ ಪೆಂಗೆಲೀನಾ! ನಿಮ್ ಮುತ್ತಜ್ಜನ ಗಾಡೀನೂ ಇಲ್ಲೇ ಹೂತಿದ್ದು ಕಣಯ್ಯ. ಎತ್ತೋಕಾಗ್ದೆ ಇಲ್ಲೇ ಮನೆ ಕಟ್ಕೊಂಡ. ಈ ಸೀಮೇಲಿ ಯಾರು ಎಲ್ಲಿ ಸಿಕ್ಕಾಕ್ಕೊಂಡ್ರೋ ಆ ಹಳ್ಳಕ್ಕೆ ಅವರದೇ ಹೆಸರು!"

ಆರೋಗ್ಯ ಚೆನ್ನಾಗಿದೆ, ಒಂದು ಬೂಟು ಮಾತ್ರ ಹಳ್ಳದ ಪಾಲಾಯಿತು. ರಜೆಗೆ ಇಲ್ಲಿಗೆ ಬರುವ ಅಪ್ಪನಿಗೆ ದೋಣಿ ತರಬೇಡ, ತೇಲಿಸಲು ನೀರೇ ಇಲ್ಲ ಎಂದು ಹೇಳು.

ಇದನ್ನು ಮುಂದಿನ ಹಳ್ಳದ ನಡುವೆ, ಕಾರಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇದಕ್ಕಿನ್ನೂ ಹೆಸರಿಲ್ಲ. ಅಗೋ, ಡುಗಾಲ್ಡ್ ಬಂದ. ಕೈಯಲ್ಲಿ ಹಗ್ಗದ ಜೊತೆ ಹಲಗೆ, ಬಣ್ಣದ ಡಬ್ಬಿ!

ನಿನ್ನ ಮೊಮ್ಮಗ,
ಸಿಲಾಸ್