ರೇವಣಸಿದ್ದಯ್ಯನವರ ಅಂಗಡಿಯ ಹಲ್ಲಿ

ಎನ್.ಆರ್. ಕಾಲೋನಿ, ಬೆಂಗಳೂರು
೮ ಆಗಸ್ಟ್ ೧೯೯೭

ಚಿ. ಸೌ. ದೀಪ್ತಿಗೆ ನಿನ್ನ ಅಮ್ಮನ ಆಶೀರ್ವಾದಗಳು.

ಇಲ್ಲಿ ನಾನು, ನಿಮ್ಮಪ್ಪ ಇಬ್ಬರೂ ಕ್ಷೇಮ. ಹಲ್ಲಿಯೂ ಕ್ಷೇಮ. ಅದು ಮೊಲವಾಗದೆ ಹೇಗೆ ಉಳಿಯಿತು ಎಂಬುದನ್ನು ತಿಳಿಸಲಿಕ್ಕೇ ಈ ಕಾಗದ. ಫೋನಿನಲ್ಲಿ ಹೇಳೋಣವೆಂದರೆ, ದಾವಣಗೆರೆಗೆ ಎಸ್.ಟಿ.ಡಿ. ಮಾಡಿದಾಗಲೆಲ್ಲ ನಿಮ್ಮಪ್ಪ ಗಡಿಯಾರದ ಕೆಳಗೆ ನಿಂತು 'ಸಾಕು, ಸಾಕು' ಎಂದು ಕೈ ಆಡಿಸುತ್ತಿರುತ್ತಾರೆ. ಕಾಗದವಾದರೆ ಅವರಿಗೂ ಖುಷಿ. ನಾನು ಬರೆದು ಮುಗಿಸಿದ ಮೇಲೆ ತಾವೊಮ್ಮೆ ಓದಿ, ಅಲ್ಪವಿರಾಮ ಪೂರ್ಣವಿರಾಮ ಸರಿಮಾಡಿ, ಲಕೋಟೆಗೆ ಹಾಕುವುದು ಅವರ ಪದ್ಧತಿ, ನಿನಗೆ ಗೊತ್ತಿರುವುದೇ. ಕಚೇರಿಯಲ್ಲಿ ಜನ್ಮವಿಡೀ ಬೇರೆಯವರ ಕರಡು ತಿದ್ದಿದ ಕೈ, ನಿವೃತ್ತಿಯಾಯಿತೆಂದು ಸುಮ್ಮನಿರುತ್ತದೆಯೇ?

ನನ್ನ ಮಕ್ಕಳ ಕಥೆಯ ಹಲ್ಲಿ, ನಮ್ಮ ಲೊಚ್ಚಪ್ಪ, ಎಲ್ಲಿಂದ ಬಂದ ಎಂಬುದು ನಿನಗೆ ನೆನಪಿರಬೇಕು. ಚಿಕ್ಕವಳಿದ್ದಾಗ ನೀನು ಊಟಕ್ಕೆ ಬಾಯಿ ತೆರೆಯುತ್ತಿರಲಿಲ್ಲ. 'ಈ ತುತ್ತು ತಿಂದ್ರೆ ನಮ್ಮ ದೀಪು ಬೇಗ ಎತ್ತರ ಆಗ್ತಾಳೆ' ಎಂದು ನಾನು ಹೇಳುವುದೇ ತಡ, ಅಡುಗೆಮನೆಯ ಬಾಗಿಲ ಹಿಂದಿನಿಂದ ಹಲ್ಲಿ ಲೊಚ್ ಲೊಚ್ ಲೊಚ್ ಎನ್ನುತ್ತಿತ್ತು. ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜವಾಗುತ್ತದೆ ಎಂದು ನಿನ್ನ ಅಜ್ಜಿ ನೆಲ ಕುಟ್ಟಿ 'ಕೃಷ್ಣ ಕೃಷ್ಣ' ಅನ್ನುತ್ತಿದ್ದರು. ನೀನೂ ಪುಟ್ಟ ಬೆರಳಲ್ಲಿ ಕುಟ್ಟಿ ಗಬಕ್ಕನೆ ಬಾಯಿ ತೆರೆಯುತ್ತಿದ್ದೆ. ಆ ಹಲ್ಲಿಯ ದಯದಿಂದ ನೀನು ಬೆಳೆದೆ.

ನನ್ನ ಪುಸ್ತಕದ ಲೊಚ್ಚಪ್ಪನದೂ ಅದೇ ಕೆಲಸ. ಗಡಿಯಾರದ ಹಿಂದೆ ವಾಸ. ಪಾಪ, ಅದಕ್ಕೆ ಬಿಕ್ಕಳಿಕೆಯ ಕಾಯಿಲೆ. ಅದು ಬಿಕ್ಕಿದಾಗಲೆಲ್ಲ ಮನೆಯವರು ತಮ್ಮ ಮಾತಿಗೆ ಒಪ್ಪಿಗೆ ಸಿಕ್ಕಿತೆಂದು ತಿಳಿದು ಹಾಗೆಯೇ ನಡೆದುಕೊಳ್ಳುತ್ತಾರೆ. ತಾತ ಮಳೆ ಬರುತ್ತದೆ ಎಂದಾಗ ಅದು ಬಿಕ್ಕಿತೆಂದು ಸುಡುಬಿಸಿಲಿನಲ್ಲಿ ಮನೆಮಂದಿಯೆಲ್ಲ ಛತ್ರಿ ಬಿಚ್ಚಿಕೊಂಡು ಮದುವೆಗೆ ಹೋಗುತ್ತಾರೆ. ಕೊನೆಗೆ ಮನೆಯ ಪುಟ್ಟ ಹುಡುಗಿಯೊಬ್ಬಳು ಹಲ್ಲಿಗೆ ನೀರು ಕುಡಿಸುತ್ತಾಳೆ. ಇಷ್ಟೇ ಕಥೆ. ಇಷ್ಟನ್ನು ಅಚ್ಚು ಹಾಕಿಸಲು ನಾನು ಸವೆಸಿದ ಚಪ್ಪಲಿಯನ್ನು ಲೊಚ್ಚಪ್ಪ ನೋಡಿದ್ದರೆ ಬಿಕ್ಕಳಿಕೆ ತಾನಾಗಿ ನಿಲ್ಲುತ್ತಿತ್ತು.

ಗಾಂಧಿಬಜಾರಿನ ಕಡೆಯ ಒಬ್ಬ ಪ್ರಕಾಶಕರು ಹಸ್ತಪ್ರತಿಯನ್ನು ತೆರೆಯದೆಯೇ, ಮಹಾಪುರುಷರ ಜೀವನಚರಿತ್ರೆ ಏನಾದರೂ ಇದೆಯೇ ಎಂದು ಕೇಳಿದರು. ಮಲ್ಲೇಶ್ವರದವರು ಕೊನೆಯ ಪುಟವನ್ನು ಹಿಂದೆ ಮುಂದೆ ತಿರುವಿ, ನೀತಿ ಎಲ್ಲಿ ಎಂದರು. ನೀರು ಕುಡಿದರೆ ಬಿಕ್ಕಳಿಕೆ ಹೋಗುತ್ತದೆ, ಇದೇ ನೀತಿ ಎಂದೆ. ಅವರು ನಗಲಿಲ್ಲ. ಶೇಷಾದ್ರಿಪುರದವರು ಓದುತ್ತೇವೆಂದು ಇಟ್ಟುಕೊಂಡು, ವರ್ಷ ಕಳೆದ ಮೇಲೆ ಹಿಂದಿರುಗಿಸಿದರು. ಒಳಗಿನ ಹಾಳೆಗಳು ಕೊಟ್ಟ ಹಾಗೆಯೇ ಇದ್ದವು, ಮೇಲಿನ ಹಾಳೆಯಲ್ಲಿ ಮಾತ್ರ ಕಾಫಿ ಲೋಟದ ಗುರುತು ಗುಂಡಗೆ ಮೂಡಿತ್ತು.

ಉಳಿದವರು ಚಾಮರಾಜಪೇಟೆಯ ರೇವಣಸಿದ್ದಯ್ಯನವರು. ಮುಂದೆ ಪುಸ್ತಕದ ಅಂಗಡಿ, ಹಿಂದೆ ಅಚ್ಚಿನ ಮನೆ. ಹಣೆ ತುಂಬ ವಿಭೂತಿ, ಬಾಯಿ ತುಂಬ 'ತಾಯಿ ತಾಯಿ'. ಒಳ್ಳೆಯ ಮನುಷ್ಯ, ಆದರೆ ಕ್ಯಾಲೆಂಡರ್ ನೋಡದೆ ಕೆಮ್ಮುವವರಲ್ಲ. ನಾನು ಮೊದಲ ಸಲ ಹೋದದ್ದು ರಾಹುಕಾಲದಲ್ಲಿ. ಹಸ್ತಪ್ರತಿಯನ್ನು ಮುಟ್ಟದೆ, 'ಆ ಸ್ಟೂಲ್ ಮೇಲಿಡಿ ತಾಯಿ, ಹೊತ್ತು ಕಳೀಲಿ' ಎಂದು ನನ್ನನ್ನೂ ಅದರ ಪಕ್ಕದಲ್ಲಿ ಕೂರಿಸಿದರು. ಹೊತ್ತು ಕಳೆದ ಮೇಲೆ ಕೈ ತೊಳೆದು ಬಂದು ಓದಿದರು. ನಿಜವಾಗಿಯೂ ಓದಿದರು ದೀಪ್ತಿ! ಛತ್ರಿಯ ಮದುವೆಯ ಜಾಗ ಬಂದಾಗ ಹೊಟ್ಟೆ ಕುಲುಕಿಸಿಕೊಂಡು ನಕ್ಕರು. ನನಗೆ ಕಣ್ಣಲ್ಲಿ ನೀರು ಬಂತು. 'ಒಂದು ಅಲ್ಪವಿರಾಮಾನೂ ಆಚೀಚೆ ಆಗಿಲ್ಲ, ಈ ಕಾಲದಲ್ಲಿ ಯಾರಮ್ಮ ಹೀಗೆ ಬರೀತಾರೆ' ಎಂದೂ ಹೊಗಳಿದರು. ನಾನು ಬೀಗಿ ಕುಳಿತಿದ್ದಾಗಲೇ ಹಾಳೆಗಳನ್ನು ಮಡಿಸಿ, 'ಎಲ್ಲಾ ಚೆನ್ನಾಗಿದೆ. ಹಲ್ಲಿ ತೆಗೆದು ಮೊಲ ಮಾಡ್ಬಿಡಿ' ಎಂದರು.

ವಿಷಯ ಏನೆಂದರೆ, ಯಾವುದೋ ಕಾಲದಲ್ಲಿ ಒಂದನೇ ತರಗತಿಯ ಲೆಕ್ಕದ ಪುಸ್ತಕಕ್ಕೆಂದು ಮಾಡಿಸಿದ ಮೊಲದ ಚಿತ್ರದ ಅಚ್ಚಿನ ಬ್ಲಾಕುಗಳು ಅವರ ಬೀರುವಿನಲ್ಲಿ ಹಾಗೇ ಉಳಿದಿವೆ. ಒಂದು ಮೊಲ, ಎರಡು ಮೊಲ, ಕುಳಿತ ಮೊಲ, ಓಡಿಹೋದ ಮೊಲ. ಚಿತ್ರ ಹೊಸದಾಗಿ ಬರೆಸುವ ರಗಳೆ ಬೇಡವೆಂದು ಅಂದಿನಿಂದ ಅವರ ಮಕ್ಕಳ ಪುಸ್ತಕಗಳಿಗೆಲ್ಲ ಮೊಲ ನುಗ್ಗಿದೆ. ಆನೆಯ ಕಥೆಯಲ್ಲಿ ಮೊಲ. ಮೀನಿನ ಕಥೆಯಲ್ಲೂ ದಡದ ಮೇಲೆ ಒಂದು ಮೊಲ. ಅಲ್ಲದೆ ಹಲ್ಲಿಯ ಚಿತ್ರ ಕಂಡರೆ ತಾಯಂದಿರು ಪುಸ್ತಕವನ್ನು ಕೊಡವಿ ಬಿಸಾಡುತ್ತಾರೆ ಎಂಬುದು ಅವರ ವಾದ. ಮೊಲ ಗೋಡೆ ಹತ್ತುವುದು ಹೇಗೆಂದು ಕೇಳಿದೆ. 'ಮಕ್ಕಳ ಕಥೆ ಅಲ್ವೇನಮ್ಮ, ಹತ್ಲಿ ಬಿಡಿ' ಎಂದರು.

ನಾನು ಹಟಮಾರಿ ಎಂದು ಬೈಯಬೇಡ, ಪ್ರಯತ್ನ ಮಾಡಿದೆ. ಆಷಾಢ ಪೂರ್ತಿ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಮೊಲವನ್ನು ಗಡಿಯಾರದ ಹಿಂದಕ್ಕೆ ತೂರಿಸಲು ಒದ್ದಾಡಿದೆ. ಕಿವಿ ಹೊರಗೆ ಉಳಿಯುತ್ತದೆ. ಟ್ಯೂಬ್‌ಲೈಟಿನ ಹತ್ತಿರ ಕೂರಿಸಿದೆ. ಅಲ್ಲೇ ನೀರು ಕುಡಿಯಲು ಬಂದ ನಿಮ್ಮಪ್ಪ ನಿಂತು, 'ಮೊಲ ಸೊಳ್ಳೆ ತಿನ್ನತ್ತೇನೇ?' ಎಂದು ಕೇಳಿ ಹೋದರು. ಕಥೆ ಓದಿದಿರಾ ಎಂದು ನಾನು ಕೂಗಿದ್ದಕ್ಕೆ, 'ಹಲ್ಲಿ ಪುರಾಣ ಓದೋಕೆ ನನಗೇನು ಅರುಳುಮರುಳಾ' ಎಂದು ಒಳಗಿನಿಂದ ಉತ್ತರ ಬಂತು. ಅವರಿಗೆ ಬೆಳಗಿನ ಪತ್ರಿಕೆ, ಅದರಲ್ಲೂ ನಿಧನವಾರ್ತೆಯ ಪುಟ ಬಿಟ್ಟರೆ ಬೇರೆ ಸಾಹಿತ್ಯ ಬೇಡ.

ಒಂದು ಮಾತು ಬಿಚ್ಚಿ ಹೇಳುತ್ತೇನೆ. ನನಗೆ ತುಂಬ ದುಃಖವಾಗಿತ್ತು. ನಾನೇನು ಪ್ರಶಸ್ತಿ ಕೇಳಿದೆನೇ, ಶಾಲು ಕೇಳಿದೆನೇ? ನಾನು ಬರೆದ ಒಂದು ಪುಸ್ತಕ ನಮ್ಮ ಮೊಮ್ಮಗ ವಂಶಿಯ ಕೈಗೆ ಸಿಕ್ಕಿ, ಅವನು ಅದನ್ನು ಕಚ್ಚಿ ಹರಿದು ಹಾಕಲಿ ಎಂದು ಆಸೆಪಟ್ಟೆ. ಆದರೆ ಅದು ಲೊಚ್ಚಪ್ಪನದೇ ಆಗಿರಬೇಕು. ಮೊಲವಾದರೆ ಅದು ನನ್ನದಲ್ಲ, ನಿನ್ನದೂ ಅಲ್ಲ. ಆಷಾಢ ಕಳೆದು ಶ್ರಾವಣದಲ್ಲಿ ಬನ್ನಿ, ಒಳ್ಳೆಯ ಮಾತು ಒಳ್ಳೆಯ ಮಾಸದಲ್ಲಾಡೋಣ ಎಂದಿದ್ದರು ರೇವಣಸಿದ್ದಯ್ಯನವರು. ಸರಿ, ಇದೇ ಕೊನೆಯ ಸಲ, ಒಪ್ಪದಿದ್ದರೆ ಬರೆದದ್ದನ್ನೆಲ್ಲ ಟ್ರಂಕಿಗೆ ಹಾಕಿ ಅಟ್ಟಕ್ಕೇರಿಸುತ್ತೇನೆ, ಇನ್ನು ಪೆನ್ನು ಮುಟ್ಟುವುದಿಲ್ಲ ಎಂದು ತೀರ್ಮಾನಿಸಿದೆ. ಅದನ್ನು ನಿಮ್ಮಪ್ಪನಿಗೂ ಹೇಳಿದೆ. ಅವರು ಪತ್ರಿಕೆಯ ಹಿಂದಿನಿಂದ 'ಹ್ಞೂಂ' ಎಂದರು.

ಬುಧವಾರ ಹೊರಟು ನಿಂತರೆ, ಇವರೂ ಛತ್ರಿ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ! ಚಾಮರಾಜಪೇಟೆಯಲ್ಲಿ ಕಾಫಿಪುಡಿ ಚೆನ್ನಾಗಿ ಸಿಗುತ್ತದಂತೆ. ನಮ್ಮ ಬೀದಿಯ ಕೊನೆಯಲ್ಲೇ ಪುಡಿ ಮಾಡಿಸುವ ಅಂಗಡಿ ಇರುವಾಗ ಈ ಜ್ಞಾನ ಯಾವಾಗ ಉದಯಿಸಿತೋ. ಅಂಗಡಿಯಲ್ಲಿ ರೇವಣಸಿದ್ದಯ್ಯನವರ ಎದುರಿಗೆ ಇದ್ದದ್ದು ಒಂದೇ ಕುರ್ಚಿ. ಇವರ ಪರಿಚಯ ಹೇಳಿ ಅದರಲ್ಲಿ ನಾನು ಕುಳಿತೆ. 'ಬದರೀನಾರಾಯಣ್ರೇ, ನಿಮಗೂ ಕುರ್ಚಿ ತರಿಸ್ತೀನಿ' ಎಂದು ಅವರು ಎದ್ದರೂ ನಿಮ್ಮಪ್ಪ ಬೇಡವೆಂದು, ಬೀರುವಿನ ಹಿಂದೆ ಪೇರಿಸಿದ್ದ ಪುಸ್ತಕದ ಕಟ್ಟುಗಳ ಮೇಲೆ ಹೋಗಿ ಕುಳಿತರು. ಅಲ್ಲಿ ತಣ್ಣಗಿದೆ, ಸ್ವಲ್ಪ ತೂಕಡಿಸುತ್ತೇನೆ ಎಂದರು.

ನಾನು ಹೊಸ ಹಾಳೆಗಳನ್ನು ತಂದಿಲ್ಲವೆಂದು ಹೇಳಿದೆ. ರೇವಣಸಿದ್ದಯ್ಯನವರು ಪಾಪ, ನೊಂದುಕೊಂಡರು. ಬೇಕಾದರೆ ಮೊಲದ ಜತೆ ಹಲ್ಲಿಯೂ ಒಂದು ಮೂಲೆಯಲ್ಲಿರಲಿ ಎಂದು ರಾಜಿಗೆ ಬಂದರು. ಹೇಗೋ ಧೈರ್ಯ ಮಾಡಿ, 'ಬೇಡ ಸ್ವಾಮಿ. ಇದು ಹಲ್ಲಿ ಕಥೆ. ಹಲ್ಲಿ ಕಥೆಯಾಗೇ ಬಂದ್ರೆ ಮಕ್ಕಳು ಬಿಡದೆ ಓದ್ತಾರೆ' ಎಂದೆ.

ಲೊಚ್ ಲೊಚ್ ಲೊಚ್!

ರೇವಣಸಿದ್ದಯ್ಯನವರ ಬೆರಳು ತಾನಾಗಿ ಮೇಜು ಕುಟ್ಟಿತು. 'ಶಿವ ಶಿವ' ಎಂದರು. ಕುಟ್ಟಿದ ಮೇಲೆ ತಾವೇನು ಮಾಡಿದೆವೆಂದು ಅವರಿಗೆ ಹೊಳೆಯಿತು, ಮುಖ ಸಣ್ಣಗಾಯಿತು. ಬೀರುವಿನ ಹಿಂದಿನಿಂದ ನಿಮ್ಮಪ್ಪ ನಿದ್ದೆಯಲ್ಲೇ ಒಮ್ಮೆ ಕೆಮ್ಮಿದರು. ರೇವಣಸಿದ್ದಯ್ಯನವರು ಸೋಲಲಿಲ್ಲ. ಗೋಡೆಯ ಕಡೆ ನೋಡಿ, 'ಮೊಲ ಹಾಕಿದ್ರೂ ಪುಸ್ತಕ ಚೆನ್ನಾಗೇ ಓಡತ್ತೆ' ಎಂದು ನಿಧಾನವಾಗಿ ಹೇಳಿ ಕಿವಿಗೊಟ್ಟು ಕಾದರು. ನಾನೂ ಕಾದೆ. ಸದ್ದಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು. ಸದ್ದಿಲ್ಲ. ಆಮೇಲೆ ಅಳುಕುತ್ತಾ 'ಹಲ್ಲೀನೇ ಹಾಕಿದ್ರೆ...' ಎಂದು ಬಾಯಿ ತೆರೆದರೋ ಇಲ್ಲವೋ, ಮಾತು ಮುಗಿಯುವ ಮೊದಲೇ ಲೊಚ್ ಲೊಚ್ ಲೊಚ್, ಮತ್ತೊಂದು ಲೊಚ್.

ಅಚ್ಚಿನ ಮನೆಯ ಸಿದ್ದಬಸಪ್ಪ ಪೊರಕೆ ಹಿಡಿದು ಬಂದ. ಈ ಅಂಗಡಿಗೆ ಹಲ್ಲಿ ಎಲ್ಲಿಂದ ಬಂತು, ತಾನು ಕಂಡೇ ಇಲ್ಲವಲ್ಲ ಎಂದು ಬೀರುವಿನ ಹಿಂದಕ್ಕೂ ಬಗ್ಗಿ ನೋಡಿದ. ಅಲ್ಲಿ ನಿಮ್ಮಪ್ಪ ಕಣ್ಣು ಮುಚ್ಚಿ, ಛತ್ರಿಯ ಹಿಡಿಯ ಮೇಲೆ ಗದ್ದವೂರಿ ಕುಳಿತಿದ್ದರು. 'ಹುಡುಕ್ಬೇಡ ಬಿಡೋ ಮಾರಾಯ, ಶ್ರಾವಣದಲ್ಲಿ ನುಡಿದಿದೆ, ಓಡಿಸಬಾರದು' ಎಂದು ರೇವಣಸಿದ್ದಯ್ಯನವರು ಪೊರಕೆ ಕಸಿದುಕೊಂಡರು. ಆಮೇಲೆ ಕ್ಯಾಲೆಂಡರ್ ನೋಡಿ, ವರಮಹಾಲಕ್ಷ್ಮಿಯ ದಿನ ಅಚ್ಚಿನ ಕೆಲಸಕ್ಕೆ ಪೂಜೆ ಎಂದು ಗೊತ್ತುಮಾಡಿದರು. ಹಲ್ಲಿಯ ಚಿತ್ರ ಹೊಸದಾಗಿಯೇ ಬರೆಸುತ್ತಾರಂತೆ. ಹೊರಡುವಾಗ, 'ಕೊನೇ ಪುಟದಲ್ಲಾದ್ರೂ ಒಂದೇ ಒಂದು ಮೊಲ...' ಎಂದು ಅಂಗಲಾಚಿದರು. ಕನಿಕರವಾಯಿತು. ಹಿಂಬದಿಯ ರಕ್ಷಾಪುಟದಲ್ಲಿ ಓಡಿಹೋದ ಮೊಲ ಇರಲಿ ಎಂದು ಒಪ್ಪಿದೆ.

ಹೊರಗೆ ಬಂದ ಮೇಲೆ ಫುಟ್‌ಪಾತಿನಲ್ಲೇ ನಿಂತು ಅತ್ತುಬಿಟ್ಟೆ ದೀಪ್ತಿ. ನಿಮ್ಮಪ್ಪ ಏನಾಯಿತು ಎಂದು ಏನೂ ಅರಿಯದವರ ಹಾಗೆ ಕೇಳಿದರು. ಪುಸ್ತಕ ಬರುತ್ತದೆ ಎಂದೆ. 'ಸರಿ, ಇನ್ನಾದ್ರೂ ಊಟದ ಮೇಜು ಖಾಲಿ ಆಗತ್ತೆ' ಎಂದರು. ಹೆಂಡತಿಯ ಜೀವನದ ದೊಡ್ಡ ದಿನ ಪೂರ್ತಿ ನಿದ್ದೆ ಮಾಡಿ ಕಳೆದ ಮಹಾನುಭಾವರು! ಕಾಫಿಪುಡಿ ಕೊಳ್ಳುವುದನ್ನೂ ಮರೆತೇ ಬಂದರು.

ನನಗಂತೂ ಆ ಹಲ್ಲಿಯ ಮೇಲೆ ಪೂರ್ಣ ನಂಬಿಕೆ ಬಂದಿದೆ. ವಿಜ್ಞಾನ ಓದಿದವಳೆಂದು ನೀನು ನಗಬೇಡ. ಅಳಿಯಂದಿರಿಗೂ ಹೇಳು. ಗೌರಿ ಹಬ್ಬಕ್ಕೆ ತಪ್ಪದೆ ಬಾ, ಬಾಗಿನಕ್ಕೆ ಮೊರ ಆಗಲೇ ತಂದಿಟ್ಟಿದ್ದೇನೆ. ಅಷ್ಟರಲ್ಲಿ ಲೊಚ್ಚಪ್ಪನ ಕರಡು ಪ್ರತಿಯಾದರೂ ಅಚ್ಚಾಗಿ ಬಂದಿರುತ್ತದೆ.

ನಿನ್ನ ಪ್ರೀತಿಯ ಅಮ್ಮ,
ಸುಂದರಮ್ಮ
(ಸದ್ಯದಲ್ಲೇ ಲೇಖಕಿ)

ತಾ.ಕ.: ನಿಮ್ಮಪ್ಪ ಕಾಗದ ಓದಿ ಅಲ್ಪವಿರಾಮ ಹಾಕಿ 'ಪೂರ್ಣ ನಂಬಿಕೆ' ಎನ್ನುವಲ್ಲಿ ಮೀಸೆಯಲ್ಲೇ ನಕ್ಕು ಸ್ನಾನಕ್ಕೆ ಹೋಗಿದ್ದಾರೆ. ಅವರು ಬರುವಷ್ಟರಲ್ಲಿ ಇಷ್ಟು ಬರೆದು ನಾನೇ ಅಂಟಿಸಿ ಡಬ್ಬಕ್ಕೆ ಹಾಕಿ ಬರುತ್ತೇನೆ. ನನ್ನ ಹಸ್ತಪ್ರತಿಗೆ ಅಲ್ಪವಿರಾಮ ಹಾಕಿದ್ದು ನಾನಲ್ಲ. ನಾನು ಅಲ್ಪವಿರಾಮ ಹಾಕುವವಳೇ ಅಲ್ಲವೆಂದು ನಿನಗೆ ಗೊತ್ತಲ್ಲ. ಅಲ್ಲದೆ ಹಲ್ಲಿಗಳು ಲೊಚಗುಟ್ಟಿದ ಮೇಲೆ ಕೆಮ್ಮುವುದಿಲ್ಲ. ಆ ಸದ್ದು ಆ ಕೆಮ್ಮು ಎರಡೂ ನನಗೆ ಹಳೆಯ ಪರಿಚಯ. ನೀನು ಊಟ ಬಿಟ್ಟು ಕೂತ ದಿನಗಳಲ್ಲಿ ಕಚೇರಿಗೆ ಹೊತ್ತಾದರೂ ಅಡುಗೆಮನೆಯ ಬಾಗಿಲ ಹಿಂದೆ ನಿಂತಿರುತ್ತಿದ್ದ ಹಲ್ಲಿ ಅದೇ. ನೀನೀಗ ಮಗುವಿನ ತಾಯಿ. ಇನ್ನು ತಿಳಿದರೆ ತಪ್ಪಿಲ್ಲ. ಆದರೆ ನಮಗೆ ಗೊತ್ತೆಂದು ಅವರಿಗೆ ತಿಳಿಯಬಾರದು. ನಾಚಿಕೊಂಡುಬಿಡುತ್ತಾರೆ. ವಂಶಿ ತುತ್ತಿಗೆ ಬಾಯಿ ತೆರೆಯುವುದಿಲ್ಲವೆಂದು ಬರೆದಿದ್ದೆಯಲ್ಲ. ಹಬ್ಬಕ್ಕೆ ಬಂದಾಗ ಅವನನ್ನು ಅಡುಗೆಮನೆಯಲ್ಲೇ ಕೂರಿಸಿ ಉಣ್ಣಿಸೋಣ. ಹಲ್ಲಿಗೆ ಈಗ ಮಂಡಿನೋವು. ಬಹಳ ಹೊತ್ತು ನಿಲ್ಲಲಾರದು. ಬಾಗಿಲ ಹಿಂದೆ ಒಂದು ಸ್ಟೂಲ್ ಹಾಕಿಟ್ಟಿದ್ದೇನೆ.